ಬೆಟ್ಟದ ದಾರಿಯೂ ಕೈಯಲ್ಲಿಯ ಆಯುಧವೂ

ತುಂಗಭದ್ರೆಯ ಎಡದಂಡೆಯ ಗುಡ್ಡಗಾಡಿಗೆ ಬರುವ ಪ್ರವಾಸಿಕರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಏರುತ್ತಲಿದೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರುವ ಭಕ್ತರು, ಆನೆಗೊಂದಿಯ ಹಳೆಯ ಕೋಟೆಗಳನ್ನು ನೋಡಬಯಸುವ ಇತಿಹಾಸಪ್ರಿಯರು, ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸಾವಿರಾರು ವರ್ಷಗಳಿಂದ ನಿಂತಿರುವ ಶಿಲಾಸಮಾಧಿಗಳನ್ನು ಕಾಣಲು ಕಾಲ್ನಡಿಗೆಯಲ್ಲಿ ಹೋಗುವ ತರುಣರು, ಸಾಣಾಪುರದ ಕೆರೆಯ ದಂಡೆಯಲ್ಲಿ ಇಳಿದುಕೊಳ್ಳುವ ಪರದೇಶೀಯರು, ಇವರೆಲ್ಲರೂ ಇಂದು ಕೊಪ್ಪಳ ಜಿಲ್ಲೆಯ ಅತಿಥಿಗಳು. ಹಿರೇಬೆಣಕಲ್ಲು 2021ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಯಾದಿಯಲ್ಲಿ ಸೇರಿದ ಮೇಲಂತೂ ಅಲ್ಲಿಯ ಕಾಡುದಾರಿಯ ಹೆಸರು ದೂರದೂರಕ್ಕೆ ಹಬ್ಬಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇದರ ಬೆನ್ನಿಗೇ ಒಂದು ಪ್ರಶ್ನೆಯೂ ಬಂದು ನಿಂತಿದೆ. ಇಂಥ ನಿರ್ಜನ ಸ್ಥಳಗಳಲ್ಲಿ ತಿರುಗುವವನು ತನ್ನ ಪ್ರಾಣರಕ್ಷಣೆಗಾಗಿ ಆಯುಧವನ್ನು ಇಟ್ಟುಕೊಳ್ಳಬೇಕೇ, ಬೇಡವೇ?

ಪ್ರಶ್ನೆಯು ಕೇವಲ ಕುತೂಹಲದಿಂದ ಹುಟ್ಟಿದುದಲ್ಲ. 2020ರ ನವೆಂಬರ್ ತಿಂಗಳಲ್ಲಿ ಆನೆಗೊಂದಿಯ ಸಮೀಪದ ದುರ್ಗಾದೇವಿಯ ಬೆಟ್ಟದಲ್ಲಿ ತರುಣನೊಬ್ಬನು ಚಿರತೆಗೆ ಆಹುತಿಯಾದನು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ಕಾಲುವೆಯ ದಂಡೆಯ ಮೇಲೆ ಕುಳಿತು ನಕ್ಷತ್ರಗಳನ್ನು ನೋಡುತ್ತಿದ್ದ ಐವರ ಮೇಲೆ ದುಷ್ಟರು ಎರಗಿದರು. ಇಸ್ರೇಲ್ ದೇಶದ ಪ್ರವಾಸಿ ಸ್ತ್ರೀಯ ಮೇಲೆಯೂ, ಅವರಿಗೆ ವಸತಿಯಿತ್ತ ನಮ್ಮ ನಾಡಿನ ಹೆಣ್ಣುಮಗಳ ಮೇಲೆಯೂ ಅತ್ಯಾಚಾರ ನಡೆಯಿತು. ಜೊತೆಯಲ್ಲಿದ್ದ ಮೂವರು ಪುರುಷರು ಕಾಲುವೆಗೆ ನೂಕಲ್ಪಟ್ಟರು; ಅವರಲ್ಲಿ ಒಡಿಶಾದಿಂದ ಬಂದಿದ್ದ ಒಬ್ಬನು ನೀರಿನಲ್ಲಿಯೇ ಪ್ರಾಣ ಬಿಟ್ಟನು. ಅತಿಥಿಯನ್ನು ದೇವರೆಂದು ಕರೆಯುವ ನಾಡಿಗೆ ಇದಕ್ಕಿಂತ ಹೆಚ್ಚಿನ ತಲೆತಗ್ಗಿಸುವ ಪ್ರಸಂಗವು ಬೇರೊಂದಿಲ್ಲ. ಮೊದಲನೆಯ ಪ್ರಸಂಗದಲ್ಲಿ ವೈರಿ ಮೃಗ, ಎರಡನೆಯದರಲ್ಲಿ ಮನುಷ್ಯ. ಎರಡಕ್ಕೂ ಒಂದೇ ಮದ್ದೆಂದು ತಿಳಿದು, ಬಂದೂಕನ್ನೋ ಕತ್ತಿಯನ್ನೋ ಹೆಗಲಿಗೇರಿಸಬೇಕೆಂದು ಹೇಳುವವರ ಮಾತನ್ನು ತಾಳ್ಮೆಯಿಂದ ವಿಚಾರಿಸುವುದು ಅವಶ್ಯವಾಗಿದೆ.

ಆಯುಧವೆಂದೊಡನೆ ಕಿವಿ ಮುಚ್ಚಿಕೊಳ್ಳುವ ಪಂಗಡಕ್ಕೆ ನಾವು ಸೇರಿದವರಲ್ಲ. ಪ್ರಜೆಯನ್ನು ನಿಶ್ಶಸ್ತ್ರಗೊಳಿಸುವುದೆಂದರೇನೆಂಬುದನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂಬ ಆಂಗ್ಲರ ಆಜ್ಞೆಗೆ ಹಲಗಲಿಯ ಬೇಡರು ಮಣಿಯದೆ ಹೋದುದಕ್ಕಾಗಿ ಆ ಊರನ್ನೇ ಸುಡಲಾಯಿತು, ಹಲವರು ಗಲ್ಲಿಗೇರಿದರು. ಮರುವರ್ಷ ಮುಂಡರಗಿಯ ಭೀಮರಾಯನು ಇದೇ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. 1878ರ ಆಯುಧ ಕಾಯಿದೆಯು ಯುರೋಪೀಯನಿಗೆ ವಿನಾಯತಿಯನ್ನಿತ್ತು ಭಾರತೀಯನ ಕೈಯನ್ನು ಮಾತ್ರ ಕಟ್ಟಿತು. ಆ ಅಪಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೊಳಪಟ್ಟು ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನು ಪ್ರಜೆಯ ಮೂಲಭೂತ ಹಕ್ಕುಗಳಲ್ಲಿ ಎಣಿಸಿತು. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ರಾಜ್ಯಘಟನಾ ಸಭೆಯ ಮುಂದೆ ಅದೇ ಹಕ್ಕಿಗಾಗಿ ತಿದ್ದುಪಡಿಯನ್ನು ತಂದರು. ಸಭೆಯು ಅದನ್ನು ಒಪ್ಪಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಪ್ರಾಂತದ ಜನರು 1947–48ರಲ್ಲಿ ರಜಾಕಾರರ ಹಾವಳಿಯನ್ನು ಎದುರಿಸಿದಾಗ, ಗಡಿಯ ಶಿಬಿರಗಳಲ್ಲಿ ಆಯುಧ ಹಿಡಿದ ತರುಣರನ್ನು ಯಾರೂ ತಪ್ಪಿತಸ್ಥರೆಂದು ಕರೆಯಲಿಲ್ಲ.

ಆದರೆ ಆ ಕಾಲಕ್ಕೂ ಈ ಕಾಲಕ್ಕೂ ಒಂದು ಭೇದವಿದೆ. ಅಂದು ರಕ್ಷಿಸಬೇಕಾದ ಸರಕಾರವೇ ಭಕ್ಷಿಸುತ್ತಿತ್ತು, ಅಥವಾ ಭಕ್ಷಿಸುವವರಿಗೆ ಬೆಂಬಲವಾಗಿತ್ತು. ಇಂದಿನ ಸರಕಾರವು ನಮ್ಮದು. ಅದರ ಪೋಲೀಸರು ನಮ್ಮವರು. ಅದರ ಬೊಕ್ಕಸಕ್ಕೆ ಹಣ ಕೊಡುವವರು ನಾವು. ತನ್ನ ಸರಕಾರವಿರುವ ಪ್ರಜೆಯು ರಕ್ಷಣೆಯ ಹೊಣೆಯನ್ನು ಸರಕಾರದಿಂದ ಕೇಳಿ ಪಡೆಯಬೇಕೇ ಹೊರತು, ಆ ಹೊಣೆಯನ್ನು ತಾನೇ ಹೊತ್ತು ಸರಕಾರವನ್ನು ಋಣಮುಕ್ತವಾಗಿಸಬಾರದು.

ಈಗ ಕಾಯಿದೆಯು ಏನು ಹೇಳುತ್ತದೆಂಬುದನ್ನು ನೋಡೋಣ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಸರಕಾರವು ಪ್ರಕಟನೆ ಹೊರಡಿಸಿದ ಪ್ರದೇಶಗಳಲ್ಲಿ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಕತ್ತಿಗೂ ಪರವಾನಿಗೆ ಬೇಕು; ಮನೆಗೆಲಸದ ಮತ್ತು ಒಕ್ಕಲುತನದ ಉಪಕರಣಗಳಿಗೆ ಮಾತ್ರ ವಿನಾಯತಿಯುಂಟು. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ 31ನೆಯ ಕಲಮಿನಂತೆ, ಲಿಖಿತ ಅಪ್ಪಣೆಯಿಲ್ಲದೆ ಯಾವ ಅಭಯಾರಣ್ಯದಲ್ಲಿಯೂ ಆಯುಧದೊಡನೆ ಕಾಲಿಡಕೂಡದು. ಅದೇ ಕಾಯಿದೆಯ 11ನೆಯ ಕಲಮು, ತನ್ನ ಅಥವಾ ಪರರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಕಾಡುಮೃಗವನ್ನು ಕೊಂದರೆ ಅದು ಅಪರಾಧವಲ್ಲವೆನ್ನುತ್ತದೆ. ಆದರೆ ಆ ಸಮಯಕ್ಕೆ ಅವನು ಅದೇ ಕಾಯಿದೆಯನ್ನು ಮುರಿಯುತ್ತಿದ್ದರೆ ಈ ರಕ್ಷಣೆಯು ಅವನಿಗೆ ದೊರೆಯದು. ಅಂದರೆ ಅಪ್ಪಣೆಯಿಲ್ಲದ ಬಂದೂಕಿನೊಡನೆ ಅಭಯಾರಣ್ಯವನ್ನು ಹೊಕ್ಕವನು, ಕರಡಿಯು ಮೈಮೇಲೆ ಬಂದಾಗ ಗುಂಡು ಹಾರಿಸಿದರೂ ಕಾಯಿದೆಯ ಆಶ್ರಯವನ್ನು ಕಳೆದುಕೊಂಡಿರುತ್ತಾನೆ. ಹೊಳೆಯಾಚೆಯ ದರೋಜಿ ಕರಡಿಧಾಮಕ್ಕೂ ಗಂಗಾವತಿ ತಾಲೂಕಿನ ಬಂಕಾಪುರದ ತೋಳಧಾಮಕ್ಕೂ ಹೋಗುವವರು ಇದನ್ನು ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು.

ಮನುಷ್ಯನಿಂದ ಬರುವ ಅಪಾಯದ ವಿಷಯದಲ್ಲಿಯೂ ಕಾಯಿದೆಯು ಪ್ರಜೆಯನ್ನು ಕೈಕಟ್ಟಿ ಕೂಡಿಸಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ದಂಡಸಂಹಿತೆಯಂತೆಯೇ, ಆತ್ಮರಕ್ಷಣೆಯ ಹಕ್ಕನ್ನು ಸ್ಪಷ್ಟವಾಗಿ ಒಪ್ಪಿದೆ. ಅತ್ಯಾಚಾರವನ್ನು ತಡೆಯಲು ಆಕ್ರಮಣಕಾರನ ಪ್ರಾಣವನ್ನೇ ತೆಗೆಯಬೇಕಾಗಿ ಬಂದರೂ ಅದು ಆ ಹಕ್ಕಿನೊಳಗೇ ಬರುತ್ತದೆ. ಆದರೆ ಅವಶ್ಯವಿದ್ದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂಬ ಮಿತಿಯೂ ಅಲ್ಲಿಯೇ ಇದೆ. ಪರವಾನಿಗೆಯಿಲ್ಲದೆ ಮಾರುಕಟ್ಟೆಯಲ್ಲಿ ದೊರೆಯುವ ಮೆಣಸಿನ ಸಿಂಪಡಿಕೆಯನ್ನು ಸಹ ಪ್ರಾಣಭಯವಿಲ್ಲದ ಜಗಳದಲ್ಲಿ ಬಳಸಿದಾಗ, ಅದು ಅಪಾಯಕರ ಆಯುಧವಾಗಬಲ್ಲದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2024ರಲ್ಲಿ ಕಂಡುಕೊಂಡಿತು.

ಕಾಯಿದೆಯ ಮಾತು ಅಂತಿರಲಿ. ಆಯುಧದಿಂದ ನಿಜವಾಗಿಯೂ ಪ್ರಯೋಜನವಾಗುವುದೇ ಎಂಬುದೇ ಮುಖ್ಯ ವಿಚಾರ. ನಮ್ಮ ಗುಡ್ಡಗಳ ಕರಡಿಯು ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ. ಅದು ಹುತ್ತವನ್ನು ಅಗೆಯುವುದರಲ್ಲಿ ಮೈಮರೆತಿದ್ದಾಗಲೋ, ಮರಿಗಳೊಡನೆ ಇದ್ದಾಗಲೋ, ಮನುಷ್ಯನು ಸದ್ದಿಲ್ಲದೆ ಅದರ ಸಮೀಪಕ್ಕೆ ಹೋದರೆ ಬೆದರಿ ಮೈಮೇಲೆ ಬೀಳುತ್ತದೆ. ಆಗ ದೊರೆಯುವ ಕಾಲವು ಕ್ಷಣಮಾತ್ರ. ಚೀಲದೊಳಗಿನ ಪಿಸ್ತೂಲು ಚೀಲದಲ್ಲಿಯೇ ಉಳಿಯುತ್ತದೆ. ಚಿರತೆಯಾದರೋ ಹೊಂಚಿ ಹಿಂದಿನಿಂದ ಬೀಳುವ ಪ್ರಾಣಿ. ತೋಳವು ಕುರಿಯ ಹಿಂಡನ್ನು ಬಯಸುವುದೇ ಹೊರತು ಬೆಳೆದ ಮನುಷ್ಯನ ತಂಟೆಗೆ ಬರುವುದು ವಿರಳ. ಕರಡಿಗಳ ಬೀಡಾದ ಅಲಾಸ್ಕಾ ಪ್ರಾಂತದಲ್ಲಿ ಮನುಷ್ಯರಿಗೂ ಕರಡಿಗಳಿಗೂ ನಡೆದ 269 ಮುಖಾಮುಖಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2012ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಬಂದೂಕುಳ್ಳವರಲ್ಲಿ ಅದನ್ನು ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯಗಳ ಪ್ರಮಾಣದಲ್ಲಿ ಗಣನೀಯವಾದ ಅಂತರವೇ ಇರಲಿಲ್ಲವಂತೆ! ಬಂದೂಕಿನ ಬಳಕೆಯಲ್ಲಿ ಪಳಗಿದ ನಾಡಿನ ಸ್ಥಿತಿಯೇ ಹೀಗಿರುವಾಗ, ಪಟ್ಟಣದಿಂದ ಎರಡು ದಿನಗಳ ಮಟ್ಟಿಗೆ ಬಂದವನು ಬಂಡೆಗಳ ಸಂದಿಯಲ್ಲಿ ಗುರಿಯಿಟ್ಟು ಹೊಡೆದಾನೆಂದು ನಂಬುವುದು ಹೇಗೆ? ಗುರಿ ತಪ್ಪಿದ ಗುಂಡು ಬಂಡೆಗೆ ತಗುಲಿ ಯಾರ ಎದೆಯನ್ನು ಹೊಕ್ಕೀತೆಂಬುದನ್ನು ಯಾರು ಬಲ್ಲರು? ಗಾಯಗೊಂಡು ಓಡಿದ ಮೃಗವು ಮರುದಿನ ಸೌದೆಗೆ ಹೋದ ಬಡ ಹೆಂಗಸಿನ ಮೇಲೆ ಸೇಡು ತೀರಿಸಿಕೊಂಡರೆ ಅದಕ್ಕೆ ಹೊಣೆ ಯಾರು?

ಸಾಣಾಪುರದ ಪ್ರಸಂಗದಲ್ಲಿ ಆ ಐವರಲ್ಲೊಬ್ಬರ ಕೈಯಲ್ಲಿ ಆಯುಧವಿದ್ದಿದ್ದರೆ ಅನಾಹುತ ತಪ್ಪುತ್ತಿತ್ತೆಂದು ಕೆಲವರು ವಾದಿಸುತ್ತಾರೆ. ಈ ವಾದದ ಹಿಂದಿರುವ ನೋವನ್ನು ನಾವು ಬಲ್ಲೆವು. ಅದನ್ನು ಹಗುರಾಗಿ ತಳ್ಳಿಹಾಕುವುದು ಸಲ್ಲದು. ತಪ್ಪುತ್ತಿದ್ದರೂ ತಪ್ಪಬಹುದಾಗಿತ್ತು. ಆದರೆ ಆಯುಧವನ್ನು ಒಯ್ಯುವ ರೂಢಿಯು ಒಮ್ಮೆ ಬಿದ್ದರೆ ಅದು ಸಜ್ಜನರ ಬಳಿಯಲ್ಲಿಯೇ ನಿಲ್ಲುವುದಿಲ್ಲ. ಅತಿಥಿಯು ಕತ್ತಿಯನ್ನು ತಂದರೆ ಕಳ್ಳನು ಬಂದೂಕನ್ನು ತರುತ್ತಾನೆ. ಕತ್ತಲಲ್ಲಿ ದಾರಿ ಕೇಳಲು ಬಂದ ನಿರಪರಾಧಿ ಕುರಿಗಾಹಿಯೂ ಶಸ್ತ್ರಧಾರಿಯ ಕಣ್ಣಿಗೆ ದರೋಡೆಗಾರನಾಗಿ ತೋರುತ್ತಾನೆ. ಹನುಮಮಾಲೆಯ ಸಮಯದಲ್ಲಿ ಸಹಸ್ರಾರು ಜನರು ಇಕ್ಕಟ್ಟಾದ ಮೆಟ್ಟಿಲುಗಳ ಮೇಲೆ ಸೇರುವ ಅಂಜನಾದ್ರಿಯಲ್ಲಿ ಹತ್ತರಲ್ಲೊಬ್ಬನ ಸೊಂಟದಲ್ಲಿ ಆಯುಧವಿದ್ದರೆ ಆಗಬಹುದಾದ ಅನರ್ಥವನ್ನು ಊಹಿಸುವುದು ಕಠಿಣವಲ್ಲ.

ಕೊಡಗಿನವರಿಗೆ ಇರುವ ವಿನಾಯತಿಯನ್ನು ಇಲ್ಲಿ ಎತ್ತಿ ತೋರಿಸುವವರುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಿಗೆಯಿಂದ ವಿನಾಯತಿಯುಂಟೆಂಬುದು ನಿಜ. ಕೇಂದ್ರ ಸರಕಾರವು ಅದನ್ನು 2029ರ ವರೆಗೆ ಮುಂದುವರಿಸಿದೆ. 2021ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿ ಹಿಡಿಯಿತು. ಆದರೆ ಕೊಡಗಿನಲ್ಲಿ ಬಂದೂಕು ದಾರಿಹೋಕನ ಸಾಮಾನಲ್ಲ, ಮನೆತನದ ವಸ್ತು. ಕೈಲ್‌ಪೊಳ್ದು ಹಬ್ಬದಲ್ಲಿ ಅದಕ್ಕೆ ಪೂಜೆಯುಂಟು, ಹಿರಿಯರ ಕಣ್ಗಾವಲುಂಟು, ಬಾಲ್ಯದಿಂದ ಬಂದ ಶಿಕ್ಷಣವುಂಟು. ಆ ಶಿಸ್ತನ್ನು ಬಿಟ್ಟು ಬರಿಯ ಬಂದೂಕನ್ನು ಮಾತ್ರ ಎರವಲು ತರುವುದರಿಂದ ಹಿತವಾಗದು.

ಹಾಗಾದರೆ ಬರಿಗೈಯಲ್ಲಿ ಹೋಗಿ ಸಾಯಬೇಕೇ ಎಂದು ಕೇಳಬಹುದು. ಇಲ್ಲ. ಕುಷ್ಟಗಿ, ಯಲಬುರ್ಗಿಗಳ ಬಯಲುಗಳಲ್ಲಿಯೂ ಗಂಗಾವತಿಯ ಗುಡ್ಡಗಳಲ್ಲಿಯೂ ಕುರಿ ಕಾಯುವ ನಮ್ಮ ಹಾಲುಮತದ ಬಂಧುಗಳನ್ನು ನೋಡಿರಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಜೊತೆಗೆ ನಾಯಿ, ರಾತ್ರಿಯಾದರೆ ಬೆಂಕಿ. ಇಷ್ಟರಿಂದಲೇ ಅವರು ತಲೆತಲಾಂತರದಿಂದ ಮೃಗಗಳ ನಡುವೆ ಬಾಳಿದ್ದಾರೆ. ಒಬ್ಬಂಟಿಗರಾಗಿ ಹೋಗದಿರುವುದು, ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಬಂಡೆಗಳ ನಡುವೆ ಸುಳಿಯದಿರುವುದು, ಮಾತನಾಡುತ್ತ ಸದ್ದು ಮಾಡುತ್ತ ನಡೆಯುವುದು, ಚಿರತೆಯನ್ನು ಕಂಡರೆ ಬೆನ್ನು ತಿರುಗಿಸಿ ಓಡದೆ ಮೆಲ್ಲಗೆ ಹಿಂದೆ ಸರಿಯುವುದು, ಇವೇ ಅವರ ಆಯುಧಗಳು. ಇವುಗಳಿಗೆ ಪರವಾನಿಗೆಯೂ ಬೇಡ. ಬಡಿಗೆಯನ್ನೂ ದೀಪವನ್ನೂ ಸಿಳ್ಳನ್ನೂ ಒಯ್ಯುವ ಪ್ರವಾಸಿಕನನ್ನು ಯಾವ ಅಧಿಕಾರಿಯೂ ತಡೆಯಬಾರದು. ಒಂಟಿಯಾಗಿ ಸಂಚರಿಸಬೇಕಾದ ಸ್ತ್ರೀಯು ಮೆಣಸಿನ ಸಿಂಪಡಿಕೆಯನ್ನು ಇಟ್ಟುಕೊಂಡರೆ ಅವಳನ್ನು ಸಂಶಯದಿಂದ ನೋಡಲೂಬಾರದು.

ಇನ್ನು ಸರಕಾರವು ಮಾಡಬೇಕಾದ ಕಾರ್ಯ. ಸಾಣಾಪುರ, ಆನೆಗೊಂದಿ, ಹಿರೇಬೆಣಕಲ್ಲುಗಳ ನಡುವೆ ರಾತ್ರಿಯ ಪೋಲೀಸ್ ಗಸ್ತು ಕಾಗದದ ಮೇಲಲ್ಲದೆ ದಾರಿಯ ಮೇಲೆ ಕಾಣಬೇಕು. ಕಾಲುವೆಯ ದಂಡೆಯಲ್ಲಿ ಜನರು ಕೂಡುವ ಸ್ಥಳಗಳಿಗೆ ದೀಪಗಳೂ, ನೀರಿಗೆ ಬಿದ್ದವನು ಹಿಡಿದು ಮೇಲೇರಲು ಸರಪಳಿಗಳೂ ಬೇಕು. ಗುಡ್ಡ ಹತ್ತುವವರ ಹೆಸರನ್ನು ಬರೆದುಕೊಂಡು, ಸಂಜೆಯ ವೇಳೆಗೆ ಮರಳಿದರೋ ಇಲ್ಲವೋ ಎಂದು ವಿಚಾರಿಸುವ ಒಂದು ಠಾಣೆಯು ಗುಡ್ಡದ ಬುಡದಲ್ಲಿರಬೇಕು. ಊರಿನ ಕುರಿಗಾಹಿಗಳನ್ನೂ ಓದಿದ ತರುಣರನ್ನೂ ಆರಿಸಿ, ಅರಣ್ಯ ಇಲಾಖೆಯಿಂದ ಶಿಕ್ಷಣ ಕೊಡಿಸಿ ಮಾರ್ಗದರ್ಶಕರನ್ನಾಗಿ ಮಾಡಿದರೆ ಅತಿಥಿಗೆ ರಕ್ಷಣೆಯೂ ಊರಿಗೆ ಅನ್ನವೂ ದೊರೆಯುವುವು. ಆಯುಧದ ಅವಶ್ಯವಿದ್ದರೆ ಅದು ಶಿಕ್ಷಣ ಹೊಂದಿದ ಅರಣ್ಯ ರಕ್ಷಕನ ಕೈಯಲ್ಲಿರಲಿ. ವಸತಿಗೃಹಗಳ ಒಡೆಯರು ರಾತ್ರಿಯ ಹೊತ್ತು ಅತಿಥಿಗಳನ್ನು ನಿರ್ಜನ ಸ್ಥಳಕ್ಕೆ ಕರೆದೊಯ್ಯುವ ಮೊದಲು ಠಾಣೆಗೆ ತಿಳಿಸುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ನಡೆಸಬೇಕು. ಇದರಲ್ಲಿ ಯಾವುದೂ ಬೊಕ್ಕಸವನ್ನು ಬರಿದು ಮಾಡುವಂಥದಲ್ಲ.

ಮೂವರು ನಾಲ್ವರು ದುಷ್ಟರು ಮಾಡಿದ ಕೃತ್ಯದಿಂದ ಇಡಿಯ ಪ್ರಾಂತದ ಜನರ ಮೇಲೆ ಅಪನಂಬಿಕೆಯ ನೆರಳು ಬಿದ್ದಿದೆ. ಬರುವ ಅತಿಥಿಯು ಆಯುಧವನ್ನು ಹಿಡಿದೇ ಬರಬೇಕಾದ ಊರೆಂಬ ಹೆಸರು ಗಟ್ಟಿಯಾದರೆ ಆ ನೆರಳು ಸುಲಭವಾಗಿ ಸರಿಯುವುದಿಲ್ಲ. ಆನೆಗೊಂದಿಯ ಅಂಗಡಿಕಾರನಿಂದ ಹಿಡಿದು ಹರಿಗೋಲು ಹಾಕುವ ಅಂಬಿಗನ ವರೆಗೆ ಎಲ್ಲರ ಅನ್ನಕ್ಕೂ ಅದರಿಂದ ಕುಂದು. ಈ ಕಳಂಕವನ್ನು ತೊಳೆಯುವ ಕಾರ್ಯವು ಊರಿನ ಹಿರಿಯರದೂ ಜಿಲ್ಲೆಯ ಅಧಿಕಾರಿಗಳದೂ ಆಗಿದೆ. ಇನ್ನೊಂದು ದುರ್ಮರಣವಾಗುವ ವರೆಗೆ ಕಾಯದೆ ಅವರು ಈಗಲೇ ಕಾರ್ಯಕ್ಕೆ ತೊಡಗುವರೆಂದು ನಾವು ಆಶಿಸುತ್ತೇವೆ.