ಷೇರು ಮೊಬೈಲ್‌ನಲ್ಲಿ, ವರದಿ ಮಾತ್ರ ಪಿಡಿಎಫ್‌ನಲ್ಲಿ

ನಮ್ಮ ಮಾಣಿಕನಗರ, ಹುಮನಾಬಾದ್ ಕಡೆಯ ಗೆಳೆಯರು ಆ್ಯಪ್‌ನಲ್ಲಿ ಎರಡೇ ನಿಮಿಷದಲ್ಲಿ ಷೇರು ಕೊಳ್ಳುತ್ತಾರೆ. ಕಂಪನಿಯ ವಾರ್ಷಿಕ ವರದಿ ಓದಿದ್ದೀರಾ ಎಂದರೆ ನಗುತ್ತಾರೆ. ಸೋಮಾರಿತನ ಎನ್ನಲಾರೆ. ನೂರಾರು ಪುಟಗಳ ಪಿಡಿಎಫ್ ಅದು, ಕಾಗದದ ಅಳತೆಗೆ ರೂಪಿಸಿದ್ದು. ಮೊಬೈಲ್‌ನಲ್ಲಿ ಒಂದು ಸಾಲು ಓದಲು ಹಿಗ್ಗಿಸಿ, ಅತ್ತಿತ್ತ ಎಳೆಯಬೇಕು. ಅದಕ್ಕಿಂತ ಟೆಲಿಗ್ರಾಂ ಟಿಪ್ಸ್ ಸುಲಭ. ದುಡ್ಡು ಹೋಗುವುದೂ ಅಷ್ಟೇ ಸುಲಭ.

ಷೇರುಪೇಟೆಯ ಕಂಪನಿಗಳು ಹಣಕಾಸು ಮಾಹಿತಿಯನ್ನು ವೆಬ್‌ಸೈಟ್‌ನಲ್ಲಿ ಇಡಬೇಕೆಂಬುದು ಸೆಬಿಯ 2015ರ ನಿಯಮ. ಇಟ್ಟರೆ ಸಾಕೇ? ಬೆಂಗಳೂರಿನ ಇನ್ಫೊಸಿಸ್ ಅಮೆರಿಕದ ನಿಯಂತ್ರಕ ಎಸ್‌ಇಸಿಗೆ ಸಲ್ಲಿಸುವ 20-ಎಫ್ ವರದಿ ಎಡ್ಗರ್ ತಾಣದಲ್ಲಿ ಮಾಮೂಲಿ ವೆಬ್‌ಪುಟದಂತೆ ತೆರೆಯುತ್ತದೆ. ಅಂಕಿಗಳಿಗೆ ಎಕ್ಸ್‌ಬಿಆರ್‌ಎಲ್ ಗುರುತು ಇರುವುದರಿಂದ ಕಂಪ್ಯೂಟರ್ ಕೂಡ ಅವನ್ನು ಹೆಕ್ಕಬಲ್ಲದು. ಅಂದರೆ ನಮ್ಮ ಕಂಪನಿಗಳಿಗೆ ಇದು ಬಾರದ ವಿದ್ಯೆಯೇನಲ್ಲ.

ಪಿಡಿಎಫ್ ಬೇಡವೆನ್ನುತ್ತಿಲ್ಲ. ಸಹಿಯಾದ ವರದಿಯನ್ನು ಹಾಗೇ ಕಾಪಿಡಲು ಅದು ಬೇಕು. ಜತೆಗೆ ಲಾಭ-ನಷ್ಟದ ಪಟ್ಟಿ ಎಕ್ಸೆಲ್‌ನಲ್ಲಿ, ಉಳಿದ ವಿವರಣೆ ವೆಬ್‌ಪುಟದಲ್ಲಿ ಸಿಗಲಿ. ಐದು ವರ್ಷದ ಸಾಲ ಹೋಲಿಸಲು ಅಂಕಿಗಳನ್ನು ಕೈಯಾರೆ ನಕಲಿಸುವ ಕೆಲಸ ತಪ್ಪುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸ್ಕ್ಯಾನ್ ಮಾಡಿ ಹಾಕುವ ಪ್ರತಿ. ಅದರಲ್ಲಿ ಒಂದು ಪದವನ್ನೂ ಹುಡುಕಲಾಗದು. ದೃಷ್ಟಿಹೀನರ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ.