ಮಾತ್ರೆಯ ಜೊತೆ ಮೈಯನ್ನೂ ನೋಡಿ: ಹಕ್ಕೊತ್ತಾಯ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು ಮತ್ತು ಅವರ ಮನೆಯವರು ಬರೆಯುತ್ತಿದ್ದೇವೆ. ಮಾತ್ರೆ ಬೇಡ ಎನ್ನಲು ಬಂದವರಲ್ಲ ನಾವು. ಕಿವಿಯೊಳಗಿನ ದನಿಗಳು ಅಡಗಿ ನಮ್ಮವರು ಮತ್ತೆ ಪಂಕ್ತಿಯಲ್ಲಿ ಊಟಕ್ಕೆ ಕೂತದ್ದು ಈ ಮಾತ್ರೆಗಳಿಂದಲೇ. ಫಿನ್ಲೆಂಡಿನಲ್ಲಿ ರೋಗಿಗಳನ್ನು 20 ವರ್ಷದವರೆಗೆ ಗಮನಿಸಿದಾಗ, ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಸಾವು ಕಡಿಮೆಯಿತ್ತು. ಆದರೆ ಹಳೇ ಚೀಟಿಯೇ ವರ್ಷವರ್ಷವೂ ಮುಂದುವರಿಯುವಾಗ ಮೈಗೆ ಏನಾಗುತ್ತಿದೆ ಎಂದು ಯಾರಾದರೂ ನೋಡಲೇಬೇಕು.

1. ಒಲಾಂಜಪಿನ್, ಕ್ಲೋಜಪಿನ್ ತೂಕವನ್ನೂ ಷುಗರನ್ನೂ ಏರಿಸುತ್ತವೆ. ಶುರು ಮಾಡುವ ಮುನ್ನ, ಆಮೇಲೂ ತಪ್ಪದೆ, ತೂಕ, ಸೊಂಟದ ಸುತ್ತಳತೆ, ಬಿಪಿ, ಷುಗರ್, ಕೊಲೆಸ್ಟರಾಲ್ ನೋಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಬಂದ ದಿನವೇ, ಉಚಿತವಾಗಿ. ತೀವ್ರ ಮಾನಸಿಕ ಕಾಯಿಲೆಯವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಹೆಚ್ಚಿನವರ ಜೀವ ತೆಗೆಯುವುದು ಹೃದ್ರೋಗದಂಥ ಮೈಕಾಯಿಲೆಗಳು. ಎಲ್ಲಕ್ಕೂ ಮಾತ್ರೆಯೇ ಕಾರಣವಲ್ಲ. ಬೀಡಿಯಿದೆ, ಬಡತನವಿದೆ, 'ಅವನಿಗೆ ತಲೆ ಸರಿಯಿಲ್ಲ' ಎಂದು ಎದೆನೋವನ್ನೂ ತಳ್ಳಿಹಾಕುವ ತಾತ್ಸಾರವಿದೆ.

2. ಕ್ಲೋಜಪಿನ್ ನುಂಗುವವರ ಬಿಳಿ ರಕ್ತಕಣಗಳ ಎಣಿಕೆ ಒಮ್ಮೆಯೂ ತಪ್ಪಬಾರದು.

3. ತುಟಿ, ನಾಲಿಗೆ ತಾವಾಗಿ ಆಡುವ ಟಾರ್ಡಿವ್ ಡಿಸ್ಕೈನೀಸಿಯಾ ಕೆಲವರಲ್ಲಿ ಮಾತ್ರೆ ನಿಲ್ಲಿಸಿದರೂ ಹೋಗುವುದಿಲ್ಲ. ಮೊದಲ ಲಕ್ಷಣದಲ್ಲೇ ಹಿಡಿಯಬೇಕು. ರಿಸ್ಪೆರಿಡೋನ್‌ನಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಮುಟ್ಟು ನಿಲ್ಲುವುದುಂಟು. ಹೆಣ್ಣುಮಕ್ಕಳು ಸಂಕೋಚಕ್ಕೆ ಹೇಳುವುದಿಲ್ಲ, ವೈದ್ಯರೇ ಕೇಳಬೇಕು.

4. ವರ್ಷಕ್ಕೊಮ್ಮೆಯಾದರೂ ನಮ್ಮನ್ನು ಕೂರಿಸಿಕೊಂಡು ಡೋಸ್ ಮರುಪರಿಶೀಲಿಸಿ. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಮೊದಲ ಸಲ ಕಾಯಿಲೆ ಬಿದ್ದು, ಸ್ಥಿಮಿತಕ್ಕೆ ಬಂದ ಮೇಲೆ ಡೋಸ್ ಇಳಿಸಿಕೊಂಡವರಲ್ಲಿ 7 ವರ್ಷಗಳ ನಂತರ ಶೇ. 40ರಷ್ಟು ಜನ ಚೇತರಿಸಿಕೊಂಡಿದ್ದರು. ಅದೇ ಡೋಸಿನಲ್ಲಿ ಮುಂದುವರಿದವರಲ್ಲಿ ಸುಮಾರು ಶೇ. 18. ಆದರೆ 2023ರ ಬ್ರಿಟನ್ನಿನ ಪ್ರಯೋಗದಲ್ಲಿ ಹಲವು ವರ್ಷಗಳ ರೋಗಿಗಳಿಗೆ ಡೋಸ್ ಇಳಿಸಿದಾಗ ಎರಡು ವರ್ಷದಲ್ಲಿ ಬದುಕು ಸುಧಾರಿಸಲಿಲ್ಲ, ಕಾಯಿಲೆ ಹೆಚ್ಚು ಮಂದಿಗೆ ಮರುಕಳಿಸಿತು. ಎರಡನ್ನೂ ನಮ್ಮ ಮುಂದಿಡಿ. ನಮಗೆ ಅರ್ಥವಾಗುತ್ತದೆ.

5. ಸ್ಟಾಕ್ ಮುಗಿಯಬಾರದು. ಹಠಾತ್ತನೆ ಮಾತ್ರೆ ನಿಂತರೆ ಕಾಯಿಲೆ ಮರುಕಳಿಸಬಹುದು. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಔಷಧಿ ಸದಾಕಾಲ ಉಚಿತವಾಗಿ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

6. ಅಡ್ಡಪರಿಣಾಮಗಳ ವಿವರ ಕನ್ನಡದಲ್ಲಿ ಕೊಡಿ. ದಾಖಲೆ ಕೇಳಿದರೆ ಗದರಬೇಡಿ. ಅದೂ ಆ ಕಾಯ್ದೆ ಕೊಟ್ಟ ಹಕ್ಕು.

ಇದನ್ನು ಓದುವ ಮನೆಯವರಲ್ಲಿ ಒಂದು ವಿನಂತಿ: ಹೆದರಿ ಮಾತ್ರೆ ಬಿಡಿಸಬೇಡಿ. ಮುಂದಿನ ಸಲ ಹೋದಾಗ ತೂಕ, ಬಿಪಿ, ಷುಗರ್ ನೋಡಿ ಎಂದು ವೈದ್ಯರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.