ಲಗ್ನಕ್ಕೆ ಸ್ಥಳ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ಅನಾವೃಷ್ಟಿಯ ಸೀಮೆಯೆಂಬುದು ಸರ್ವವಿದಿತವಾಗಿದೆ. ಶೇಂಗಾ ಕೈಹಿಡಿದ ವರ್ಷ ರೈತನು ಸಾಲ ತೀರಿಸುವನು. ಕೈಬಿಟ್ಟ ವರ್ಷ ಸಾಲವೇ ಬೆಳೆಯುವುದು. ಇಂತಹ ನಾಡಿನಲ್ಲಿ ಹೆಣ್ಣು ಹೆತ್ತವರು ಮುಹೂರ್ತಕ್ಕಿಂತ ಮೊದಲು ಕಲ್ಯಾಣಮಂಟಪದ ಬಾಡಿಗೆಯನ್ನು ಚಿಂತಿಸಬೇಕಾಗಿರುವುದು ವಿಷಾದಕರವು.

ಹಿಂದೆ ಮನೆಯ ಮುಂದೆ ಹಸಿರು ಚಪ್ಪರ ಹಾಕಿ, ಊರವರೇ ನೀರು ಹೊತ್ತು ಮದುವೆ ನಡೆಸುತ್ತಿದ್ದರು. ಈಗ ಮನೆಗಳು ಇಕ್ಕಟ್ಟು, ಬೇಸಗೆಯ ಲಗ್ನಗಳಲ್ಲಿ ನೀರಿಗೂ ಕಷ್ಟ. ಆದುದರಿಂದ ಛತ್ರ ಹಿಡಿಯುವುದೇ ತಪ್ಪೆಂದು ನಾವು ಹೇಳೆವು. ಆದರೆ ಇನ್ನೂರು ಮಂದಿ ಬೀಗರಿಗೆ ಎರಡು ಸಾವಿರ ಮಂದಿಯ ಮಂಟಪವೇಕೆ? ಚಳ್ಳಕೆರೆಯವರು ಚಿತ್ರದುರ್ಗಕ್ಕೂ, ಮೊಳಕಾಲ್ಮೂರಿನವರು ಬಳ್ಳಾರಿಗೂ ದಿಬ್ಬಣ ಹೊರಡಿಸುವುದೇಕೆ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ರೈಸ್ ಸಾಹೇಬರು 1892ರಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರಷ್ಟೆ. ಆ ಚಕ್ರವರ್ತಿಯೇ ಬೇರೆಡೆ ಕೆತ್ತಿಸಿದ ಒಂಬತ್ತನೆಯ ಬಂಡೆಶಾಸನದಲ್ಲಿ, ಮಕ್ಕಳ ಮದುವೆಗಳಲ್ಲಿ ಜನರು ನಡೆಸುವ ನಾನಾ ವಿಧದ ಮಂಗಳಕಾರ್ಯಗಳು ಅಲ್ಪಫಲದವೆಂದು ಬರೆಯಿಸಿರುವನು. ಅಂದಿಗೂ ಈ ಮೋಹವಿದ್ದಿತೆಂದಾಯಿತು!

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದಿವೆ. ಅಲ್ಲಿ ತಾಳಿ ಕಟ್ಟಿದವರ ಮಾನವೇನೂ ಕುಗ್ಗಲಿಲ್ಲ. ಅಧಿಕಾರಿಗಳೂ ವಕೀಲರೂ ವರ್ತಕರೂ ತಮ್ಮ ಮಕ್ಕಳ ಲಗ್ನವನ್ನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸನ್ನಿಧಿಯಲ್ಲಿ ಮಿತವಾಗಿ ನಡೆಸಿದರೆ ಬಡವನು ಹಾಗೆ ಮಾಡಲು ನಾಚನು. ಚಳ್ಳಕೆರೆಯ ನಗರಸಭೆಯೂ ಮೊಳಕಾಲ್ಮೂರಿನ ಪಟ್ಟಣ ಪಂಚಾಯಿತಿಯೂ ತಮ್ಮ ಎಲ್ಲೆಯ ಮಂಟಪಗಳ ಬಾಡಿಗೆಯನ್ನು ಬಾಗಿಲಲ್ಲಿಯೇ ಬರೆದು ತೂಗುಹಾಕಿಸಲಿ. ನೀರು, ದೀಪ, ಪಾತ್ರೆಗಳಿಗೆ ಬೇರೆ ಹಣವೆಂದು ಲಗ್ನದ ಹಿಂದಿನ ರಾತ್ರಿ ಹೇಳುವ ಪದ್ಧತಿಯು ಮೊದಲು ನಿಲ್ಲಲಿ.